ಪಟ್ಟಿಯಲ್ಲಿ ಇಲ್ಲದ ಗಾಳಿ

ನಾಲ್ಕು ವರ್ಷಗಳಲ್ಲಿ ಅವನು ಅವಳೊಂದಿಗೆ ಆಡಿದ್ದು ಹನ್ನೆರಡೇ ಪದ. ಅವೂ ಇಂಗ್ಲಿಷಿನವು.

ಬೆಳಿಗ್ಗೆ ಎಂಟಕ್ಕೆ ಜೆಟ್ಟಿಯ ಟಿಕೆಟ್ ಕೌಂಟರಿನಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು. ಅವಳು ಎತ್ತಿದರೆ ಗುಡ್ಡದ ಮೇಲಿಂದ ಒಂದು ಪದ ಇಳಿದು ಬರುತ್ತಿತ್ತು. ‘ಬ್ರೀಝಿ.’ ಇಲ್ಲವೇ ‘ಗಸ್ಟಿ.’ ಆಮೇಲೆ ಟಕ್ ಎಂದು ಫೋನ್ ಇಟ್ಟ ಸದ್ದು. ನಮಸ್ಕಾರವಿಲ್ಲ, ಹೇಗಿದ್ದೀರಿ ಇಲ್ಲ. ಅವಳು ಆ ಪದವನ್ನು ಬೋರ್ಡಿನ ಮೇಲೆ ಬರೆದು ಕಿಟಕಿಗೆ ನೇತುಹಾಕಿದ ಮೇಲೆಯೇ ಆಚೆ ದಡಕ್ಕೆ ದಾಟಿಸುವ ಲಾಂಚ್ ಹೊರಡಬೇಕೋ ನಿಲ್ಲಬೇಕೋ ತೀರ್ಮಾನವಾಗುತ್ತಿತ್ತು.

ಹನ್ನೆರಡು ಪದಗಳ ಪಟ್ಟಿ ಕೌಂಟರಿನ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿತ್ತು. ಮೇಲಿಂದ ಕೆಳಗೆ ಗಾಳಿ ಏರುತ್ತಾ ಹೋಗುತ್ತದೆ. ‘ಕಾಮ್’ನಿಂದ ಶುರು, ‘ಟೆಂಪೆಸ್ಚುವಸ್’ಗೆ ಮುಕ್ತಾಯ. ‘ಬ್ಲಸ್ಟರಿ’ಯ ಕೆಳಗೆ ಒಂದು ಕೆಂಪು ಗೆರೆ. ಗೆರೆಯ ಮೇಲಿನ ಪದ ಬಂದರೆ ಲಾಂಚ್ ಹೊರಡುತ್ತದೆ, ಕೆಳಗಿನದು ಬಂದರೆ ನಿಲ್ಲುತ್ತದೆ. ಎಲ್ಲಕ್ಕಿಂತ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ನಿಯಮ: ಪಟ್ಟಿಯ ಪದ ಬಾರದಿದ್ದರೆ ಹಿಂದಿನ ದಿನದ ಪದವೇ ಊರ್ಜಿತ.

ಈ ನಿಯಮ ಬರೆದವನು ಎಂದೂ ನೀರಿನ ಮೇಲೆ ಹೋದವನಲ್ಲ. ಹೋಗಿದ್ದರೆ ನಿನ್ನೆಯ ಗಾಳಿ ಇವತ್ತು ಬೀಸುವುದಿಲ್ಲ ಎಂಬಷ್ಟಾದರೂ ಬುದ್ಧಿ ಇರುತ್ತಿತ್ತು.

ಎಲ್ಲರೂ ಅವಳನ್ನು ಕೌಂಟರ್ ಅಕ್ಕ ಎನ್ನುತ್ತಿದ್ದರು. ಗುಡ್ಡದ ಮೇಲೆ ಗಾಳಿ ನೋಡುವವನು ಗಾಳಿ ಮೇಷ್ಟ್ರು. ಪಟ್ಟಿ ಬಂದ ಹೊಸತರಲ್ಲಿ ಲಾಂಚಿನವರಿಗೆಲ್ಲ ಆ ಪದಗಳನ್ನು ಕಲಿಸಿದವನು ಅವನೇ. ಇಂಗ್ಲಿಷ್ ಬಾರದ ಗಂಡಸರು ಜೆಟ್ಟಿಯ ಮೆಟ್ಟಿಲ ಮೇಲೆ ಕೂತು ಪಾಠ ಹೇಳಿಸಿಕೊಂಡಿದ್ದರು.

“ಬ್ರೀಝಿ ಅಂದ್ರೆ ಒಗೆದ ಬಟ್ಟೆ ಬೇಗ ಒಣಗುತ್ತೆ. ಗಸ್ಟಿ ಅಂದ್ರೆ ಬಟ್ಟೆ ಹಾರುತ್ತೆ. ಬ್ಲಸ್ಟರಿ ಅಂದ್ರೆ ಪಕ್ಕದ ಮನೆಗೆ ಹೋಗುತ್ತೆ.”

“ಸ್ಕ್ವಾಲಿ ಅಂದ್ರೆ?” ಎಂದು ಕೇಳಿದ್ದು ಅವಳ ಗಂಡ, ಲಾಂಚಿನ ಡ್ರೈವರ್.

“ಹಗ್ಗಾನೂ ಹೋಗುತ್ತೆ.”

ಎಲ್ಲರೂ ನಕ್ಕರು. ಕೌಂಟರಿನೊಳಗೆ ಕೂತಿದ್ದ ಅವಳೂ ನಕ್ಕಳು. ಮೇಷ್ಟ್ರು ತಲೆ ಎತ್ತಿ, ನಕ್ಕದ್ದು ಯಾರು ಎಂದು ಕಿಟಕಿಯತ್ತ ನೋಡಿದ. ನೋಡಿದ್ದು ಒಂದು ಕ್ಷಣವಷ್ಟೇ. ಆದರೆ ಕೆಲವರ ನೋಟ ಬೀಜದ ಹಾಗೆ. ಬಿದ್ದ ಕಡೆ ಸುಮ್ಮನೆ ಬಿದ್ದಿರುತ್ತದೆ.

*

ಗಂಡ ಹೋಗಿ ನಾಲ್ಕು ವರ್ಷವಾಗಿತ್ತು. ನೀರಿಗೆ ಹೋದವನು ಸಿಗಲಿಲ್ಲ. ಮಗುಚಿದ ಲಾಂಚ್ ಮಾತ್ರ ಆಚೆ ದಡದಲ್ಲಿ ಸಿಕ್ಕಿತು.

ಸಿಗದವರು ಪೂರ್ತಿ ಹೋಗುವುದಿಲ್ಲ. ಬೆಳಿಗ್ಗೆ ಫೋನ್ ಇಟ್ಟ ಮೇಲೆ ಅವಳಿಗೆ ಕಿಟಕಿಯಾಚೆ ಗಂಡ ಬಂದದ್ದು ತಿಳಿಯುತ್ತಿತ್ತು. ‘ಬ್ರೀಝಿ’ ದಿನಗಳಲ್ಲಿ ಬರೀ ಒಂದು ಕೆಮ್ಮು. ‘ಗಸ್ಟಿ’ ದಿನ ಕಟ್ಟೆಗೆ ಮೊಣಕೈ ಊರಿದ ಸದ್ದು. ‘ಬ್ಲಸ್ಟರಿ’ ಎಂದ ದಿನ ಮಾತೇ ಕೇಳಿಸುತ್ತಿತ್ತು, ಬದುಕಿದ್ದಾಗ ದಿನವೂ ಕೇಳುತ್ತಿದ್ದ ಅದೇ ಮಾತು: “ಏನಂತೆ ಇವತ್ತು?”

ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ತಲೆ ಕೆಟ್ಟಿದೆ ಎನ್ನುತ್ತಾರೆ. ಹೇಳದಿದ್ದರೆ ನಿಜಕ್ಕೂ ಕೆಡುತ್ತದೆ. ಈ ಎರಡರ ನಡುವೆ ಅವಳು ಟಿಕೆಟ್ ಹರಿಯುತ್ತಾ ಕೂತಿದ್ದಳು.

ಒಂದು ಸೋಮವಾರ ಜೆಟ್ಟಿಯ ಸಾಹೇಬರು ಕರೆದು ಹೇಳಿದರು.

“ಗುಡ್ಡದ ಮೇಲೆ ಮೆಷಿನ್ ಕೂರಿಸ್ತಾ ಇದಾರೆ. ಇನ್ನು ಮೇಷ್ಟ್ರು ಬೇಡ. ಶುಕ್ರವಾರ ಹತ್ತರ ಲಾಂಚಿಗೆ ಅವನನ್ನ ದೀಪದ ಬಂಡೆಗೆ ಕಳಿಸ್ತೀವಿ.”

ದೀಪದ ಬಂಡೆ ಎಂದರೆ ನೀರಿನ ನಡುವಿನ ಕಲ್ಲು. ಒಂದು ದೀಪ, ಒಂದು ಕೋಣೆ, ವಾರಕ್ಕೊಂದು ಲಾಂಚ್. ಫೋನಿಲ್ಲ.

“ಇಲ್ಲೇ ಜೆಟ್ಟಿಯಲ್ಲಿ ಜಾಗ ಖಾಲಿ ಇದೆಯಲ್ಲ ಸರ್?” ಎಂದಳು. ದನಿ ಆದಷ್ಟು ಒಣಗಿರುವಂತೆ ನೋಡಿಕೊಂಡಳು.

“ಅವನ ಸರ್ವಿಸ್ ಬುಕ್ಕಲ್ಲಿ ಕರಿ ಗುರುತಿದೆಯಲ್ಲಮ್ಮ. ನಿಮ್ಮ ಯಜಮಾನರು ಹೋದ ದಿನ ಪದ ಕಳಿಸಲಿಲ್ಲ ಅಂತ. ಅಂಥವನನ್ನ ಜೆಟ್ಟಿ ಮೇಲೆ ಇಟ್ಕೊಳ್ಳೋಕಾಗುತ್ತಾ? ನಿಮಗೇ ಹಿತವಾಗಿರಲ್ಲ.” ಸಾಹೇಬರು ಕನ್ನಡಕ ಒರೆಸಿಕೊಂಡರು. “ಹೋಗಿ ಹಳೇ ರಿಜಿಸ್ಟರುಗಳನ್ನ ಇಸ್ಕೊಂಡು ಬನ್ನಿ.”

ಅವಳು ಬಾಯಿ ತೆರೆದಳು. ಮುಚ್ಚಿದಳು. ನಾಲ್ಕು ವರ್ಷದಿಂದ ಅವಳು ಮಾಡುತ್ತಾ ಬಂದದ್ದು ಇದನ್ನೇ.

*

ಮಧ್ಯಾಹ್ನ ಗುಡ್ಡ ಹತ್ತುವಾಗ ಗಾಳಿ ಅವಳನ್ನು ಹಿಂದಕ್ಕೆ ದಬ್ಬುತ್ತಿತ್ತು. ಮರವೊಂದೂ ನೆಟ್ಟಗಿರಲಿಲ್ಲ. ಎಲ್ಲವೂ ಒಂದೇ ಕಡೆಗೆ ಬಾಗಿ, ಯಾರದೋ ಮಾತಿಗೆ ಕಿವಿಗೊಟ್ಟಂತೆ ನಿಂತಿದ್ದವು. ಹುಲ್ಲು ನೆಲಕ್ಕೆ ಮಲಗಿತ್ತು.

ಅವನು ಬಾಗಿಲಲ್ಲಿ ನಿಂತಿದ್ದ. ಗಡ್ಡದಲ್ಲಿ ಬಿಳಿ ಬಂದಿತ್ತು. ಅವಳನ್ನು ನೋಡಿ ಕೈಯಲ್ಲಿದ್ದ ಟೀ ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಕಿಟಕಿಯ ಮೇಲಿಟ್ಟ. ಗಾಳಿ ಅದನ್ನು ಒಡನೆಯೇ ಬೀಳಿಸಿತು.

“ರಿಜಿಸ್ಟರಿಗೆ ಬಂದಿದೀರಿ ಅನ್ಸುತ್ತೆ,” ಎಂದ.

“ಮತ್ತೇನು ನಿಮ್ಮ ಮುಖ ನೋಡೋಕಾ?”

“ಅದನ್ನೂ ಕೊಡ್ತೀನಿ. ರಸೀದಿ ಬೇಡ.”

ಅವಳಿಗೆ ನಗು ಬರಬೇಕಿತ್ತು. ಬಂದೇ ಬಿಟ್ಟಿತ್ತು. ತುಟಿಯವರೆಗೆ ಬಂದದ್ದನ್ನು ಅವಳು ಕಚ್ಚಿ ಹಿಡಿದಳು. ಅವನೂ ಅದನ್ನು ನೋಡಿದ. ನೋಡಿ, ತಪ್ಪು ಮಾಡಿದವನಂತೆ ಮುಖ ತಿರುಗಿಸಿದ.

ಒಳಗೆ ಅವನು ರಿಜಿಸ್ಟರುಗಳಿಗೆ ಹಗ್ಗ ಕಟ್ಟತೊಡಗಿದ. ಅವಳು ಒಂದನ್ನು ಎಳೆದುಕೊಂಡು ಗಂಡ ಹೋದ ದಿನದ ಹಾಳೆ ತೆರೆದಳು. ದಿನಕ್ಕೊಂದು ಚೌಕ, ಚೌಕಕ್ಕೊಂದು ಪದ. ಆ ದಿನದ ಚೌಕ ಖಾಲಿ.

“ಖಾಲಿ ಯಾಕೆ ಬಿಟ್ರಿ? ಪದ ಕಳಿಸಿದ್ರಿ ನೀವು.”

“ಪಟ್ಟಿಯ ಪದ ಕಳಿಸಲಿಲ್ಲ.”

“ಕಳಿಸಿದ್ರಿ. ನಾನು ಕೇಳಿಸ್ಕೊಂಡೆ.”

ಅವನ ಕೈ ಹಗ್ಗದ ಮೇಲೆ ನಿಂತಿತು.

ಗಂಡ ಬದುಕಿದ್ದಾಗ ಬೆಳಗಿನ ಫೋನು ಹೀಗೆ ಒಣಗಿರಲಿಲ್ಲ. ಅವನು ಮೊದಲು ಪಟ್ಟಿಯಲ್ಲಿ ಇಲ್ಲದ ಒಂದು ಪದ ಹೇಳಿ ಅವಳನ್ನು ಕಾಡಿಸುತ್ತಿದ್ದ. “ಇವತ್ತು ಗುಡ್ಡ ವಿಂಡ್‌ಸ್ವೆಪ್ಟ್.” “ಹಾಗಂದ್ರೆ?” ಎಂದು ಅವಳು ಕೇಳಿದರೆ, “ಗಾಳಿ ಎಲ್ಲಾ ಗುಡಿಸ್ಕೊಂಡು ಹೋಗಿದೆ, ನಾನೊಬ್ಬ ಉಳಿದಿದೀನಿ.” ಮತ್ತೊಂದು ದಿನ ‘ಬ್ಲೀಕ್’. “ನನ್ನ ಅಡುಗೆ ಮನೆ ಥರ, ನೋಡೋಕೆ ಏನೂ ಇರಲ್ಲ.” ಒಮ್ಮೆ ‘ಡೆಸೊಲೇಟ್’. ಹಾಗಂದ್ರೆ ಎಂದಾಗ ಅವನು ತುಸು ತಡೆದು, “ನೀವು ರಜಾ ಹಾಕಿದ ದಿನ,” ಎಂದಿದ್ದ. ಅವಳು ನಕ್ಕು ಫೋನ್ ಇಡುತ್ತಿದ್ದಳು. ಐದು ನಿಮಿಷಕ್ಕೆ ಅದು ಮತ್ತೆ ಬಡಿದುಕೊಳ್ಳುತ್ತಿತ್ತು, ಆಗ ಬರುತ್ತಿತ್ತು ಪಟ್ಟಿಯ ಪದ. ಅಷ್ಟೇ ನಡೆದದ್ದು. ಕೈ ಹಿಡಿದಿರಲಿಲ್ಲ, ಎದುರುಬದುರು ನಿಂತು ಎರಡು ಮಾತು ಆಡಿರಲಿಲ್ಲ. ಆದರೆ ಅವಳು ಎಂಟಕ್ಕೆ ಐದು ನಿಮಿಷ ಇರುವಾಗಲೇ ಫೋನಿನ ಹತ್ತಿರ ಕುರ್ಚಿ ಎಳೆದುಕೊಳ್ಳುತ್ತಿದ್ದಳು. ಮನಸ್ಸು ಮಾಡಿದ ತಪ್ಪಿಗೆ ಸಾಕ್ಷಿ ಬೇಕಿಲ್ಲ.

ಆ ದಿನ ನೀರು ತಗಡಿನ ಹಾಗೆ ಅಲುಗದೆ ಬಿದ್ದಿತ್ತು. ಗಾಳಿಯೇ ಇರಲಿಲ್ಲ. ಅವನು ಅಂದ ಪದ ‘ಓಮಿನಸ್’.

“ಇದೇನು ಹೊಸದು, ಬೈಗುಳನಾ?” ಎಂದು ಅವಳು ನಕ್ಕಿದ್ದಳು. ಅತ್ತ ಫೋನ್ ಇಟ್ಟಾಗಿತ್ತು. ಮತ್ತೆ ಮಾಡುತ್ತಾನೆ, ದಿನವೂ ಮಾಡುತ್ತಾನಲ್ಲ ಎಂದುಕೊಂಡಳು. ಅಷ್ಟರಲ್ಲಿ ಗಂಡ ಕಿಟಕಿಗೆ ಮೊಣಕೈ ಊರಿ ಕೇಳಿದ, “ಏನಂತೆ ಇವತ್ತು?” ನಗು ಇನ್ನೂ ಅವಳ ಮುಖದ ಮೇಲಿತ್ತು. ಅದು ಯಾರು ತರಿಸಿದ ನಗು ಎಂದು ಅವನಿಗೆ ತಿಳಿದೀತೆಂದು ಹೆದರಿ, ಕಾಯದೆ, ಗಡಿಬಿಡಿಯಲ್ಲಿ ಹೇಳಿದಳು: “ನಿನ್ನೇದೇ. ಬ್ರೀಝಿ.”

ಆಚೆ ದಡದ ಜನರನ್ನು ಕರೆತರಲು ಅವನು ಖಾಲಿ ಲಾಂಚ್ ಬಿಟ್ಟುಕೊಂಡು ಹೋದ. ಒಬ್ಬನೇ. ಅರ್ಧ ದಾರಿಯಲ್ಲಿ ಆಕಾಶ ಕವುಚಿಕೊಂಡಿತು.

ವಿಚಾರಣೆಯ ಫಾರಂನಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಪಟ್ಟಿಯ ಪದ ಬಂದಿತ್ತೇ? ಇಲ್ಲ ಎಂದಳು. ಅದು ಸುಳ್ಳಲ್ಲ. ಸುಳ್ಳಲ್ಲದ ಮಾತಿನಿಂದಲೇ ಮನುಷ್ಯನ ಕತ್ತು ಕುಯ್ಯಬಹುದು ಎಂದು ಅವಳು ಕಲಿತದ್ದು ಅಲ್ಲೇ.

“ನೀವು ಮತ್ತೆ ಯಾಕೆ ಫೋನ್ ಮಾಡಲಿಲ್ಲ?” ನಾಲ್ಕು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಈಗ ಕೇಳಿದಳು.

“ಹಕ್ಕಿಗಳೆಲ್ಲ ನೆಲಕ್ಕಿಳಿದು ಕೂತುಬಿಟ್ಟಿದ್ವು. ಗಾಳಿ ಇಲ್ಲ, ಆದರೆ ಬರುತ್ತೆ ಅಂತ ಮೈಗೆ ಗೊತ್ತಾಗ್ತಿತ್ತು. ಬರೋ ಗಾಳಿಗೆ ಪಟ್ಟಿಯಲ್ಲಿ ಪದ ಇಲ್ಲ. ಓಮಿನಸ್ ಅಂದ್ರೆ ಕೆಟ್ಟದ್ದು ಬರೋ ಸೂಚನೆ, ಆ ಪದಕ್ಕೆ ನೀವು ಲಾಂಚ್ ನಿಲ್ಲಿಸ್ತೀರಿ ಅಂದ್ಕೊಂಡೆ. ಗಾಳಿಗೆ ಹಾರದ ಹಾಗೆ ಸಾಮಾನು ಕಟ್ಟೋಕೆ ಚಾವಣಿ ಹತ್ತಿದೆ. ತಿರುಗಿ ನೋಡ್ತೀನಿ, ಲಾಂಚ್ ನಡು ನೀರಲ್ಲಿದೆ.” ಅವನು ಮೊದಲ ಬಾರಿ ಅವಳ ಮುಖವನ್ನೇ ನೋಡಿ ಹೇಳಿದ. “ದಿನಾ ತಮಾಷೆ ಮಾಡೋನು ಒಂದು ದಿನ ನಿಜ ಹೇಳಿದ್ರೆ ಯಾರು ನಂಬ್ತಾರೆ? ತಪ್ಪು ನಂದು.”

“ನಾನು ಬರೆದು ಕೊಡ್ತೀನಿ ಸಾಹೇಬರಿಗೆ. ಪದ ಬಂತು, ನಾನೇ ಲಾಂಚ್ ಬಿಟ್ಟೆ ಅಂತ.”

“ಬೇಡ.”

“ಬಂಡೆ ಮೇಲೆ ಕೂತು ಕೊಳೀತೀರಾ?”

“ಕೊಳೀತೀನಿ. ಬರೀಬೇಡಿ.”

“ನಾಲ್ಕು ವರ್ಷ ದಿನಕ್ಕೊಂದು ಪದ ಎಸೆದು ನನ್ನ ಸಾಯಿಸಿದ್ದು ಸಾಲದಾ? ಈಗ ತ್ಯಾಗ ಬೇರೆ. ಯಾರು ಕೇಳಿದ್ರು ನಿಮ್ಮ ತ್ಯಾಗಾನ?” ಅವಳ ದನಿ ಗಾಳಿಗಿಂತ ಮೇಲೇರಿತ್ತು.

“ತ್ಯಾಗ ಅಲ್ಲ ಇದು.” ಅವನು ಮೆಲ್ಲಗೆ ಅಂದ. “ಬರೆದ್ರೆ ಪೂರ್ತಿ ಬರೀಬೇಕು. ನೀವು ನಕ್ಕಿದ್ದನ್ನೂ ಬರೀಬೇಕು. ಅದನ್ನ ಸಾಹೇಬರ ಫೈಲಿಗೆ ಹಾಕಿ ದಾರ ಕಟ್ಟೋದು ನಂಗಿಷ್ಟ ಇಲ್ಲ. ನನ್ನ ಹತ್ರ ಉಳಿದಿರೋದು ಅದೊಂದೇ.”

ಹೊರಗೆ ಬಾಗಿದ ಮರಗಳು ಇನ್ನಷ್ಟು ಬಾಗಿದವು. ಅವಳು ರಿಜಿಸ್ಟರುಗಳನ್ನು ಎದೆಗವಚಿಕೊಂಡು ಇಳಿದು ಬಂದಳು. ಅಳಲಿಲ್ಲ. ದಾರಿಯುದ್ದಕ್ಕೂ ಅವನನ್ನು ಬೈದಳು, ಬೈಗುಳ ಮುಗಿದಾಗ ತನ್ನನ್ನು.

*

ಸಾಹೇಬರಿಗೆ ಹೇಳುವುದು ಕಷ್ಟವಲ್ಲ. ಕೆಲಸ ಹೋದೀತು, ಅಷ್ಟೇ. ಮನೆಯಲ್ಲಿ ಅತ್ತೆ ಇದ್ದರಲ್ಲ, ಕಷ್ಟ ಇದ್ದದ್ದು ಅಲ್ಲಿ.

ಅತ್ತೆಗೆ ಒಬ್ಬನೇ ಮಗ. ಅವನು ಹೋದ ಮೇಲೆ ಆಕೆ ಬೆಳಿಗ್ಗೆ ಎದ್ದು ಮುಖ ತೊಳೆದು ಗುಡ್ಡದ ಕಡೆ ತಿರುಗಿ, ‘ನಿನ್ನ ನಾಲಿಗೆ ಸೇದಿಹೋಗಲಿ’ ಎಂದು ಮೇಷ್ಟ್ರಿಗೆ ಒಂದು ಶಾಪ ಹಾಕಿಯೇ ಟೀ ಕುಡಿಯುತ್ತಿದ್ದರು. ಅದು ತಪ್ಪಿದರೆ ತಲೆನೋವು ಬರುತ್ತದೆ ಎನ್ನುತ್ತಿದ್ದರು. ಸೊಸೆಯನ್ನು ಮಾತ್ರ ಅಂಗೈಯಲ್ಲಿ ಇಟ್ಟುಕೊಂಡಿದ್ದರು. ಆ ಅಂಗೈಯಲ್ಲೇ ಅವಳಿಗೆ ಉಸಿರು ಕಟ್ಟುತ್ತಿತ್ತು.

ಮಂಗಳವಾರ ಸಂಜೆ ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ಅವಳು ಎದುರು ಕೂತು ಎಲ್ಲವನ್ನೂ ಹೇಳಿದಳು. ತಮಾಷೆಯ ಪದಗಳನ್ನೂ, ನಗುವನ್ನೂ, ಕುರ್ಚಿ ಎಳೆದುಕೊಳ್ಳುತ್ತಿದ್ದುದನ್ನೂ. ಕಿಟಕಿಯಾಚೆಯ ದನಿಯನ್ನೂ.

ಅತ್ತೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಕಟ್ಟು ಮುಗಿಯಿತು. ಬರೀ ಕಡ್ಡಿಗಳು ಉಳಿದವು. ಕಡ್ಡಿಗಳನ್ನೂ ಒಂದೊಂದಾಗಿ ಮುರಿದರು.

“ನಿಂಗೂ ಬರ್ತಾನಾ ಅವನು?” ಎಂದರು ಕೊನೆಗೆ.

ಅವಳು ತಲೆ ಎತ್ತಿದಳು.

“ನಂಗೆ ಅಂಗಳದಲ್ಲಿ ಬರ್ತಾನೆ. ಚಪ್ಪಲಿ ಬಿಡೋ ಸದ್ದು. ಗಾಳಿ ಜೋರಾದಾಗ. ನಂಗೊಬ್ಬಳಿಗೇ ಅಂದ್ಕೊಂಡಿದ್ದೆ.” ಆಕೆ ಸೆರಗಿನಿಂದ ಕೈ ಒರೆಸಿಕೊಂಡರು. “ನಿನ್ನ ಮುಖ ನೋಡೋಕಾಗ್ತಿಲ್ಲ ನಂಗೆ. ಆ ಕಡೆ ತಿರುಗು.”

ಅವಳು ಗೋಡೆಯ ಕಡೆ ತಿರುಗಿ ಕೂತಳು. ಮಕ್ಕಳ ಹಾಗೆ.

ಬೆನ್ನ ಹಿಂದಿನಿಂದ ಅತ್ತೆಯ ದನಿ ಬಂತು. “ನಾಲ್ಕು ವರ್ಷ ಆ ಮನುಷ್ಯನಿಗೆ ದಿನಕ್ಕೊಂದು ಶಾಪ ಹಾಕಿದೀನಿ. ಹಾಕಿದ್ದನ್ನ ವಾಪಸ್ ತಗೊಳ್ಳೋದು ಹೇಗೆ, ಅದನ್ನಾದ್ರೂ ಹೇಳು.”

“ಗೊತ್ತಿಲ್ಲ ಅತ್ತೆ.”

“ನಿಂಗೆ ಏನು ತಾನೇ ಗೊತ್ತು,” ಎಂದು ಆಕೆ ಎದ್ದು ಹೋದರು. ಅಂದು ಇಬ್ಬರೂ ಉಣ್ಣಲಿಲ್ಲ. ಮರುದಿನ ಅತ್ತೆ ಗುಡ್ಡದ ಕಡೆ ತಿರುಗಲಿಲ್ಲ. ಸೊಸೆಯ ಕಡೆಗೂ ತಿರುಗಲಿಲ್ಲ. ಒಂದು ಲೋಟ ಟೀ ಮಾತ್ರ ಒಲೆಯ ಪಕ್ಕ ಮುಚ್ಚಿಟ್ಟಿತ್ತು.

ಬುಧವಾರ ಅವಳು ಬರೆದು ಕೊಟ್ಟಳು. ಸಾಹೇಬರು ಎರಡು ಬಾರಿ ಓದಿದರು.

“ಪದ ಬಂತು ಅನ್ನೋದು ಸರಿ. ‘ನಾನು ನಕ್ಕೆ’ ಅಂತ ಒಂದು ವಾಕ್ಯ ಇದೆಯಲ್ಲ, ಇದು ಯಾಕೆ? ಹೊಡೆದು ಹಾಕಿ. ಜನ ಬೇರೆ ಥರ ತಿಳ್ಕೋತಾರೆ.”

“ಬೇರೆ ಥರಾನೇ ಇದ್ದದ್ದು ಸರ್. ಇರಲಿ.”

“ನಿಮ್ಮನ್ನ ಸಸ್ಪೆಂಡ್ ಮಾಡಬೇಕಾಗುತ್ತೆ.”

“ಮಾಡಿ.”

“ಅವನ ಆರ್ಡರ್ ತಕ್ಷಣ ರದ್ದಾಗಲ್ಲ. ಮೇಲಿನವರು ನೋಡಬೇಕು. ಎರಡು ತಿಂಗಳಾದ್ರೂ ಬೇಕು. ಶುಕ್ರವಾರ ಅವನು ಹೋಗಲೇಬೇಕು.”

“ಆ ಮೇಲಿನವರಿಗೆ ಆ ನಿಯಮಾನೂ ಸ್ವಲ್ಪ ನೋಡೋಕೆ ಹೇಳಿ,” ಎಂದು ಅವಳು ಗೋಡೆಯ ಪಟ್ಟಿ ತೋರಿಸಿ ಹೊರಗೆ ಬಂದಳು. ಬಾಗಿಲು ಅವಳು ಎಳೆದದ್ದಕ್ಕಿಂತ ಜೋರಾಗಿ ಬಡಿಯಿತು. ಗಾಳಿ ಎದ್ದಿತ್ತು.

*

ಶುಕ್ರವಾರ ಎಂಟಕ್ಕೆ ಜೆಟ್ಟಿಯ ಫೋನ್ ಎತ್ತಿದ್ದು ಸಾಹೇಬರು. ಗುಡ್ಡದಿಂದ ಮೇಷ್ಟ್ರ ಕೊನೆಯ ಪದ ಬಂತು. ‘ಸ್ಕ್ವಾಲಿ.’ ಕೆಂಪು ಗೆರೆಯ ಕೆಳಗಿನದು. ಸಾಹೇಬರು ಅನುಮಾನದಿಂದ ಕಿಟಕಿಯಾಚೆ ನೋಡಿದರು. ನೀರು ನೊರೆ ಕಾರುತ್ತಿತ್ತು. ದೂರದ ಮಳೆ ಗೋಡೆಯ ಹಾಗೆ ನಡೆದು ಬರುತ್ತಿತ್ತು. ಅನುಮಾನಕ್ಕೆ ಜಾಗವಿರಲಿಲ್ಲ. ತಾನು ಹೋಗಬೇಕಾದ ಲಾಂಚನ್ನು ತಾನೇ ನಿಲ್ಲಿಸಿ ಮೇಷ್ಟ್ರು ಟ್ರಂಕ್ ಹೊತ್ತು ಗುಡ್ಡ ಇಳಿದು ಬಂದ.

ಪ್ರಯಾಣಿಕರು ಕಾಯುವ ಕೋಣೆಯಲ್ಲಿ ಅವಳು ಕೂತಿದ್ದಳು. ಅವನು ಬಂದು ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಒದ್ದೆಯಾದ ತಲೆಯನ್ನು ಟವಲಿನಿಂದ ಒರೆಸಿಕೊಂಡ.

“ಬರೀಬೇಡಿ ಅಂದಿದ್ದೆ.”

“ಬರೆದಾಯ್ತು.”

“ನಗೂನೂ?”

“ಅದನ್ನೂ. ಫೈಲಿಗೆ ಹೋಯ್ತು. ದಾರಾನೂ ಕಟ್ಟಿದ್ರು.”

ಅವನು ಟವಲನ್ನು ಮಡಚಿದ. ಮಡಚಿದ್ದನ್ನು ಮತ್ತೆ ಬಿಡಿಸಿದ. “ಇನ್ನು ನನ್ನ ಹತ್ರ ಏನೂ ಇಲ್ಲ ಹಾಗಾದ್ರೆ.”

“ಇದ್ದದ್ದು ಹಳೇದು. ಮುಗ್ಗಲು ಹಿಡಿದಿತ್ತು.” ಅವಳು ನೀರಿನ ಕಡೆ ನೋಡುತ್ತಲೇ ಹೇಳಿದಳು. “ಬೇಕಾದ್ರೆ ಹೊಸದು ಕೇಳಿ ಇಸ್ಕೋಬೇಕು.”

ಅವನು ಏನೋ ಹೇಳಹೊರಟ. ಅಷ್ಟರಲ್ಲಿ ಬಾಗಿಲು ದಡಾರನೆ ತೆರೆದು, ಛತ್ರಿಯ ಕಡ್ಡಿಗಳೆಲ್ಲ ಉಲ್ಟಾ ಆಗಿ ಅತ್ತೆ ಒಳಗೆ ಬಂದರು. ಸೊಸೆಯನ್ನು ನೋಡಲಿಲ್ಲ. ನೆಟ್ಟಗೆ ಮೇಷ್ಟ್ರ ಮುಂದೆ ನಿಂತರು. ಅವನು ಎದ್ದ.

“ಕೂತ್ಕೊ. ನಿಂಗೆ ದಿನಾ ಶಾಪ ಹಾಕ್ತಿದ್ದೆ. ಬುಧವಾರದಿಂದ ನಿಲ್ಲಿಸಿದೀನಿ.”

ಅವನು ಮಂಡಿ ಹಿಡಿದು ಕೂತ. “ಅದಕ್ಕೇ ಅಮ್ಮ, ಎರಡು ದಿನದಿಂದ ಮಂಡಿ ನೋವು ಕಮ್ಮಿ ಇದೆ.”

ಅತ್ತೆಯ ಮುಖ ಗಂಟಾಗಿಯೇ ಇತ್ತು. ಆದರೆ ಮೂಗಿನಿಂದ ಒಂದು ಸದ್ದು ಬಂತು, ಸೀನೋ ನಗುವೋ ಹೇಳುವುದು ಕಷ್ಟ. “ಬೇಕಾದಷ್ಟು ಹಾಕಿದೀನಿ, ಇನ್ನೂ ಸ್ವಲ್ಪ ದಿನ ನೋಯುತ್ತೆ. ಇವಳಿಗೆ ನಾನು ಹಾಕೋದಿದೆ, ಅದು ನಮ್ಮನೆ ವಿಷಯ.” ಆಕೆ ಹೋಗಿ ಬಾಗಿಲ ಬಳಿ, ಇಬ್ಬರಿಗೂ ಬೆನ್ನು ಹಾಕಿ, ಮುರಿದ ಛತ್ರಿ ನೆಟ್ಟಗೆ ಮಾಡುತ್ತಾ ಕೂತರು. ಮನೆಗೆ ಹೋಗಲಿಲ್ಲ. ಸೊಸೆಯನ್ನು ಬಿಟ್ಟು ಹೋಗಲಿಲ್ಲ ಎಂದೂ ಹೇಳಬಹುದು.

ಮಳೆ ಬಂದು ಚಾವಣಿಗೆ ಬಡಿಯಿತು. ಜೆಟ್ಟಿ ಕಾಣದಾಯಿತು. ಗಾಳಿ ಕಿಟಕಿಗಳನ್ನು ಒಂದೊಂದಾಗಿ ಅಲುಗಿಸಿ ನೋಡಿತು.

“ನನಗೆ ನಿಮ್ಮ ಮೇಲೆ…” ಎಂದು ಅವನು ಶುರು ಮಾಡಿದ.

“ಗೊತ್ತು. ನೀವು ‘ಗಸ್ಟಿ’ ಅನ್ನೋವಾಗ್ಲೇ ಗೊತ್ತಾಗ್ತಿತ್ತು. ಅಷ್ಟು ದುಃಖದಿಂದ ಯಾರೂ ಗಸ್ಟಿ ಅನ್ನಲ್ಲ.”

“ನಿಮಗೆ?”

“ನಾಲ್ಕು ವರ್ಷ ಒಂದು ದಿನಾನೂ ರಜಾ ಹಾಕಿಲ್ಲ ನಾನು. ಜ್ವರ ಬಂದಾಗಲೂ. ಲೆಕ್ಕ ನೀವೇ ಹಾಕ್ಕೊಳ್ಳಿ.”

ಅವನು ಅವಳ ಕಡೆ ತಿರುಗಿದ. ಆಗ ಇಬ್ಬರೂ ಗಮನಿಸಿದರು, ಬೆಂಚಿನ ಎರಡು ತುದಿಗಳಲ್ಲಿ ಕೂತು, ನಡುವೆ ಸರಿಯಾಗಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದಾರೆ. ಯಾರೂ ಹೇಳಿರಲಿಲ್ಲ. ತಾನಾಗಿಯೇ ಬಿಟ್ಟದ್ದು. ಆ ಜಾಗದ ಹಲಗೆ, ಕಿಟಕಿಯಿಂದ ಎರಚಿದ ನೀರಿಗೆ ಒದ್ದೆಯಾಗಿತ್ತು.

ಅವಳು ಆ ಒದ್ದೆಯನ್ನು ನೋಡಿದಳು.

“ನಮ್ಮ ಯಜಮಾನರು ಇಲ್ಲೇ ಇರ್ತಾರೆ ಮೇಷ್ಟ್ರೇ,” ಎಂದಳು. “ನಾನು ಎಲ್ಲಿಗೆ ಬಂದ್ರೂ ಬರ್ತಾರೆ. ಎದ್ದು ಹೋಗಲ್ಲ.”

ಅವನು ಟವಲಿನಿಂದ ಆ ನಡುವಿನ ಹಲಗೆಯನ್ನು ಒರೆಸಿದ. ಹಿರಿಯರು ಯಾರೋ ಕೂರುವವರಿದ್ದಾರೆ ಎನ್ನುವಷ್ಟು ಜೋಪಾನವಾಗಿ, ತುದಿಯಿಂದ ತುದಿಗೆ.

“ಎದ್ದು ಹೋಗಿ ಅಂತ ಯಾರು ಹೇಳಿದ್ರು?” ಎಂದ. “ಬೆಂಚು ಉದ್ದ ಇದೆ.”